ಕೀಸುಳಿಗೆ ಮಣಿಯದ ಮರ

ಆಗುಂಬೆ ಘಟ್ಟದ ತಪ್ಪಲಿನಲ್ಲಿರುವ ಹೆಬ್ರಿಯ ಸುತ್ತಿನ ಹಳೆಯ ಮನೆಗಳಲ್ಲಿ ಹಲಸಿನ ಮರದ ಬಾಗಿಲು, ದಾರಂದ, ಪೆಟ್ಟಿಗೆಗಳು ಹೊಸತಲ್ಲ. ಹಳದಿ ಬಣ್ಣದ ಈ ಮರ ವರ್ಷಗಳು ಕಳೆದಂತೆ ಕಂದುಗೆಂಪಿಗೆ ತಿರುಗುತ್ತದೆ. ಗೆದ್ದಲಿಗೆ ಸುಲಭವಾಗಿ ತುತ್ತಾಗದು. ವೀಣೆ, ಮದ್ದಳೆಗಳಿಗೂ ಇದು ಒಪ್ಪುವ ಮರ. ಇಷ್ಟೆಲ್ಲ ಗುಣಗಳಿರುವ ಈ ಮರಕ್ಕೆ ಒಂದು ಹಟವೂ ಉಂಟು. ಕೀಸುಳಿಯನ್ನು ಮುಂದಕ್ಕೆ ತಳ್ಳಿದಾಗ ಹಲಗೆಯ ಒಂದು ಪಟ್ಟಿ ಕನ್ನಡಿಯಂತೆ ನುಣುಪಾದರೆ, ಅದರ ಪಕ್ಕದ ಪಟ್ಟಿ ಕಿತ್ತುಬಂದು ಒರಟಾಗುತ್ತದೆ. ಹಲಗೆಯನ್ನು ತಿರುಗಿಸಿಟ್ಟು ಕೀಸಿದರೆ ಒರಟಾದುದು ನುಣುಪಾಗಿ, ನುಣುಪಾದುದು ಒರಟಾಗುತ್ತದೆ. ಇಂತಹ ಒಂದು ಗುಳಿಯನ್ನು ಅಳಿಸಬೇಕಾದರೆ ಹಲಗೆಯನ್ನೆಲ್ಲ ಆ ಗುಳಿಯ ಆಳದವರೆಗೆ ತೆಳ್ಳಗೆ ಮಾಡಬೇಕು. ಹಲವು ದಶಕಗಳು ಬೆಳೆದ ಮರವು ಕೊನೆಯ ಗಳಿಗೆಯಲ್ಲಿ ಹೀಗೆ ಕೆಡುವುದೇಕೆ?

ಬಿದಿರನ್ನು ಉದ್ದಕ್ಕೆ ಸೀಳುವುದು ಸುಲಭ, ಅಡ್ಡಕ್ಕೆ ಕಡಿಯುವುದು ಕಷ್ಟ ಎಂಬುದನ್ನು ನಾವು ಬಲ್ಲೆವು. ಎಲ್ಲ ಮರಗಳ ಸ್ವಭಾವವೂ ಹೀಗೆಯೇ. ಮರವೆಂದರೆ ಉದ್ದುದ್ದವಾದ ಸೂಕ್ಷ್ಮ ನಾರುಗಳ ಕಟ್ಟು. ನಾರುಗಳು ತಮ್ಮ ಉದ್ದಕ್ಕೆ ಬಲು ಗಟ್ಟಿ. ಆದರೆ ನಾರಿಗೂ ನಾರಿಗೂ ಇರುವ ಬೆಸುಗೆ ಅಷ್ಟು ಗಟ್ಟಿಯಲ್ಲ. ಕೀಸುಳಿಯ ಅಲಗು ಮರದೊಳಗೆ ನುಗ್ಗಿದಾಗ ಸಿಪ್ಪೆಯು ಮೇಲಕ್ಕೆ ಏಳುತ್ತದೆ. ಆಗ ಅಲಗಿನ ಮೊನೆಗಿಂತಲೂ ಮುಂದೆ ಒಂದು ಸೀಳು ಓಡುತ್ತದೆ. ಆ ಸೀಳು ಓಡುವುದು ನಾರುಗಳ ದಾರಿಯನ್ನು ಹಿಡಿದು. ನಾರುಗಳು ನಾವು ತಳ್ಳುವ ದಿಕ್ಕಿನಲ್ಲಿ ಮೇಲಕ್ಕೇರುತ್ತಿದ್ದರೆ ಸೀಳು ಮೇಲ್ಮೈಗೆ ಬಂದು ಅಲ್ಲಿಗೇ ಮುಗಿಯುತ್ತದೆ, ಮರಕ್ಕೆ ಅಪಾಯವಿಲ್ಲ. ನಾರುಗಳು ಕೆಳಕ್ಕೆ ಇಳಿಯುತ್ತಿದ್ದರೆ ಸೀಳೂ ಹಲಗೆಯೊಳಕ್ಕೆ ಇಳಿಯುತ್ತದೆ. ಎದ್ದ ಸಿಪ್ಪೆಯು ಸನ್ನೆಗೋಲಿನಂತೆ ವರ್ತಿಸಿ, ಕೆಳಗಿನ ನಾರುಗಳನ್ನೂ ಎಬ್ಬಿಸಿ, ಕಡೆಗೆ ಮುರಿಯುತ್ತದೆ. ಅಲ್ಲಿ ಉಳಿಯುವುದೇ ಗುಳಿ. ಹಸುವಿನ ಮೈಯನ್ನು ರೋಮದ ದಿಕ್ಕಿನಲ್ಲಿ ಸವರುವುದಕ್ಕೂ ಎದುರು ದಿಕ್ಕಿನಲ್ಲಿ ಸವರುವುದಕ್ಕೂ ಇರುವ ಭೇದವನ್ನು ಇಲ್ಲಿ ನೆನೆಯಬಹುದು.

ಎಳೆ ಒಂದೇ ಕಡೆಗೆ ವಾಲಿದ್ದರೆ ಹಲಗೆಯನ್ನು ತಿರುಗಿಸಿಟ್ಟರೆ ಸಾಕು. ಹಲಸಿನಲ್ಲಿ ಹಾಗಲ್ಲ. ತೊಗಟೆಯ ಒಳಗಡೆ ಇರುವ ಕೇಂಬಿಯಂ ಎಂಬ ತೆಳುವಾದ ಪದರವು ಹೊಸ ಮರವನ್ನು ನಿರ್ಮಿಸುತ್ತದೆ. ಉಷ್ಣವಲಯದ ಅನೇಕ ಮರಗಳಲ್ಲಿ ಹೀಗೆ ಹುಟ್ಟುವ ನಾರುಗಳು ಕೆಲವು ಕಾಲ ಬಲಕ್ಕೆ ಓರೆಯಾಗಿ ಕಾಂಡವನ್ನು ಸುತ್ತುತ್ತವೆ, ಬಳಿಕ ಎಡಕ್ಕೆ ವಾಲುತ್ತವೆ, ಮತ್ತೆ ಬಲಕ್ಕೆ. ಪದರದ ಮೇಲೆ ಪದರ ಹೀಗೆ ಹೆಣೆದುಕೊಂಡ ಕಾಂಡವು ಕೊಡಲಿಗೆ ಸುಲಭವಾಗಿ ಸೀಳದು. ಸೌದೆ ಒಡೆಯುವವರಿಗೆ ಇದರ ಅನುಭವವಿದೆ. ಕಾಂಡದ ನಡುವಿನಿಂದ ತೊಗಟೆಯ ಕಡೆಗೆ ಕೊಯ್ದ ಹಲಗೆಯಲ್ಲಿ ಈ ಪದರಗಳು ಪಟ್ಟಿಪಟ್ಟಿಯಾಗಿ ತೋರುತ್ತವೆ. ಅಂತಹ ಹಲಗೆಯನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ: ಒಂದು ಪಟ್ಟಿ ಹೊಳೆಯುತ್ತದೆ, ಇನ್ನೊಂದು ಮಂಕಾಗಿರುತ್ತದೆ. ಹಲಗೆಯ ತುದಿಗಳನ್ನು ಅದಲು ಬದಲು ಮಾಡಿ ಹಿಡಿದರೆ ಹೊಳಪೂ ಮಂಕೂ ಸ್ಥಾನ ಬದಲಿಸುತ್ತವೆ. ನಾರುಗಳು ಎದುರುಬದುರಾಗಿ ವಾಲಿವೆ ಎಂಬುದಕ್ಕೆ ಇದೇ ಸಾಕ್ಷಿ.

ಇನ್ನು ಪರಿಹಾರವನ್ನು ವಿಚಾರಿಸೋಣ. ಉಪಾಯಗಳು ಹಲವಾದರೂ ಗುರಿ ಒಂದೇ: ಸೀಳು ಅಲಗಿಗಿಂತ ಮುಂದೆ ಓಡಬಾರದು.

ಮೊದಲನೆಯದು, ಚೆನ್ನಾಗಿ ಸಾಣೆ ಹಿಡಿದ ಅಲಗು ಮತ್ತು ಕಾಗದಕ್ಕಿಂತ ತೆಳುವಾದ ಸಿಪ್ಪೆ. ತೆಳುವಾದ ಸಿಪ್ಪೆಗೆ ಕೆಳಗಿನ ನಾರನ್ನು ಎಬ್ಬಿಸುವಷ್ಟು ಬಲವಿಲ್ಲ. ಎರಡನೆಯದು, ಕೀಸುಳಿಯ ಬಾಯಿಯನ್ನು ಕಿರಿದುಮಾಡುವುದು. ಆಗ ಬಾಯಿಯ ಮುಂದಿನ ತಳಭಾಗವು ನಾರುಗಳನ್ನು ಅಲಗಿನ ಹತ್ತಿರದವರೆಗೂ ಅದುಮಿ ಹಿಡಿಯುತ್ತದೆ. ಮೂರನೆಯದು, ಅಲಗನ್ನು ಹೆಚ್ಚು ನೆಟ್ಟಗೆ ನಿಲ್ಲಿಸುವುದು. ಸಾಮಾನ್ಯ ಕೀಸುಳಿಯಲ್ಲಿ ಅಲಗಿನ ಓರೆ 45 ಡಿಗ್ರಿ. ಇದನ್ನು 55 ಅಥವಾ 60 ಡಿಗ್ರಿಗೆ ಏರಿಸಿದರೆ ಸಿಪ್ಪೆ ಮೀಟಲ್ಪಡುವ ಬದಲು ಜಜ್ಜಲ್ಪಟ್ಟು ಸರಿಯುತ್ತದೆ. ಆದರೆ ತಳ್ಳಲು ತೋಳಿನ ಬಲ ಹೆಚ್ಚು ಬೇಕು.

ನಾಲ್ಕನೆಯ ಉಪಾಯವು ಅಲಗಿನ ಮೇಲೆ ಬಿಗಿಯುವ ಇನ್ನೊಂದು ಉಕ್ಕಿನ ಪಟ್ಟಿಯದು. ಇದರ ಅಂಚು ಮೊನೆಗೆ ತೀರ ಸಮೀಪವಿದ್ದರೆ, ಎದ್ದ ಸಿಪ್ಪೆಯನ್ನು ಒಡನೆಯೇ ಮುಂದಕ್ಕೆ ಬಗ್ಗಿಸಿ ಅದರ ಮೀಟುವ ಶಕ್ತಿಯನ್ನು ಕುಂದಿಸುತ್ತದೆ. ಜಪಾನಿನ ಯಮಗಾಟ ವಿಶ್ವವಿದ್ಯಾನಿಲಯದ ಕಾವಾಯಿ ಮತ್ತು ಕಾಟೊ ಎಂಬ ಪ್ರಾಧ್ಯಾಪಕರು ಈ ಕ್ರಿಯೆಯನ್ನು ಬಹಳವಾಗಿ ಹಿಗ್ಗಿಸಿ ಚಲನಚಿತ್ರದಲ್ಲಿ ಸೆರೆಹಿಡಿದಿದ್ದಾರೆ. ಪಟ್ಟಿಯು ಮೊನೆಯಿಂದ ಮಿಲಿಮೀಟರಿನ ಹತ್ತರಲ್ಲಿ ಒಂದೆರಡು ಪಾಲಿನಷ್ಟು ಮಾತ್ರ ದೂರವಿದ್ದಾಗ ಎದುರು ಎಳೆಯೂ ನುಣುಪಾಗುವುದು. ದೂರ ಹೆಚ್ಚಿದರೆ ಪಟ್ಟಿ ಇದ್ದೂ ಇಲ್ಲದಂತೆ. ಅನೇಕರು ಈ ಪಟ್ಟಿಯನ್ನು ಅಲಗಿನ ಅದುರುವಿಕೆ ತಡೆಯುವ ಸಾಧನವೆಂದಷ್ಟೇ ತಿಳಿದು ಹಿಂದಕ್ಕೆ ಸರಿಸಿಡುವುದುಂಟು. ಹಲಗೆ ಕಿತ್ತುಬರಲು ಇದೂ ಒಂದು ಕಾರಣ.

ಇಷ್ಟಾದರೂ ಗಂಟಿನ ಸುತ್ತ ಎಳೆ ಸುಳಿಯಂತೆ ತಿರುಗಿರುವೆಡೆ ಕೀಸುಳಿ ಸೋಲಬಹುದು. ಅಲ್ಲಿ ಉಕ್ಕಿನ ತೆಳು ತಗಡಿನಿಂದ ಹೆರೆಯುವುದೇ ಲೇಸು. ತಗಡಿನ ಅಂಚು ಹೆಚ್ಚುಕಡಿಮೆ ನೆಟ್ಟಗೆ ನಿಂತು ಕೆಲಸಮಾಡುವುದರಿಂದ ನಾರನ್ನು ಮೀಟುವುದೇ ಇಲ್ಲ. ಗಾಜಿನ ಚೂರಿನಿಂದ ಹೆರೆಯುವ ಬಡಗಿಗಳ ಹಳೆಯ ವಾಡಿಕೆಯ ತತ್ತ್ವವೂ ಇದೇ.

ವಿದ್ಯಾರ್ಥಿಗಳು ಇದನ್ನು ಸ್ವತಃ ಪರೀಕ್ಷಿಸಬಹುದು. ಒಂದು ಹಲಗೆಯ ತುಂಡಿನ ಪಕ್ಕದ ಅಂಚನ್ನು ನೋಡಿ, ಗೆರೆಗಳು ಯಾವ ಕಡೆಗೆ ಮೇಲೇರುತ್ತವೆ ಎಂಬುದನ್ನು ಸೀಸದ ಕಡ್ಡಿಯಿಂದ ಗುರುತಿಸಿಕೊಳ್ಳಿ. ಮೊದಲು ಆ ಕಡೆಗೆ, ಅನಂತರ ಎದುರು ಕಡೆಗೆ ಕೀಸಿ, ಎರಡು ಸಿಪ್ಪೆಗಳನ್ನೂ ಹೋಲಿಸಿರಿ. ಒಂದು ಅಖಂಡವಾದ ಸುರುಳಿ. ಇನ್ನೊಂದು ಮುರಿದ ಚೂರುಗಳು. ಕೀಸುವ ಮೊದಲು ಬಡಗಿ ಹಲಗೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡುವುದೇಕೆ ಎಂಬುದು ಆಗ ತಾನಾಗಿ ತಿಳಿಯುವುದು.