ಭಾರವನ್ನು ಗಗನಕ್ಕೇರಿಸುವ ವಿದ್ಯೆ

ದೇವನಹಳ್ಳಿಯ ಸಮೀಪದಲ್ಲಿ ೨೦೦೮ನೆಯ ಇಸವಿಯಲ್ಲಿ ವಿಮಾನನಿಲ್ದಾಣವು ತೆರೆದಂದಿನಿಂದ ಬೂದಿಗೆರೆಯ ಸುತ್ತಣ ಗ್ರಾಮದವರಿಗೆ ವಿಮಾನವೆಂಬುದು ಆಶ್ಚರ್ಯದ ವಸ್ತುವಾಗಿ ಉಳಿದಿಲ್ಲ. ಆದರೆ ರಾಕೆಟ್ಟು ಸಹ ವಿಮಾನದ ಜಾತಿಗೇ ಸೇರಿದ, ಅದಕ್ಕಿಂತ ವೇಗಶಾಲಿಯಾದ ವಾಹನವೆಂದು ಅನೇಕರು ಭಾವಿಸಿರುವರು. ಇದು ಸರಿಯಲ್ಲ. ವಿಮಾನವು ಎಣ್ಣೆಯನ್ನು ಉರಿಸುವುದಕ್ಕೆ ಬೇಕಾದ ಆಮ್ಲಜನಕವನ್ನು ದಾರಿಯ ಗಾಳಿಯಿಂದಲೇ ಸೆಳೆದುಕೊಳ್ಳುತ್ತದೆ. ರಾಕೆಟ್ಟಾದರೋ ಗಾಳಿಯಿಲ್ಲದ ಎಡೆಗೆ ಹೋಗತಕ್ಕದ್ದು. ಆದುದರಿಂದ ಇಂಧನವನ್ನೂ ಅದನ್ನು ಉರಿಸುವ ಆಮ್ಲಜನಕವನ್ನೂ ತಾನೇ ಹೊತ್ತು ಹೊರಡಬೇಕು. ಇದೇ ದೇವನಹಳ್ಳಿಯಲ್ಲಿ ಜನಿಸಿದ ಟಿಪ್ಪು ಸುಲ್ತಾನನ ಸೈನ್ಯದವರು ಹಾರಿಸುತ್ತಿದ್ದ ಕಬ್ಬಿಣದ ಕೊಳವೆಯ ಬಾಣಗಳಲ್ಲಿಯೂ ಮದ್ದಿನೊಡನೆ ಬೆರೆತ ಪೆಟ್ಲುಪ್ಪೇ ಆಮ್ಲಜನಕವನ್ನು ಒದಗಿಸುತ್ತಿದ್ದಿತು.

ಹೊರೆ ಹೆಚ್ಚಿದಂತೆಲ್ಲ ಇಂಧನವು ಹೆಚ್ಚು ಬೇಕು. ಆ ಇಂಧನವನ್ನು ಎತ್ತುವುದಕ್ಕೆ ಮತ್ತಷ್ಟು ಇಂಧನ ಬೇಕು. ಭಾರತದ ರಾಕೆಟ್ಟುಗಳಲ್ಲಿ ಅತ್ಯಂತ ಬಲಶಾಲಿಯಾದ ಎಲ್‌ವಿಎಂ-೩ ಎಂಬುದು ೪೩.೫ ಮೀಟರು ಎತ್ತರವಿದ್ದು, ಹೊರಡುವಾಗ ೬೪೦ ಟನ್ನು ತೂಗುತ್ತದೆ. ಇಷ್ಟೆಲ್ಲ ಸನ್ನಾಹದಿಂದ, ಸಂಪರ್ಕ ಉಪಗ್ರಹಗಳು ಏರಬೇಕಾದ ದೂರದ ಕಕ್ಷೆಯ ದಾರಿಗೆ ಅದು ಮುಟ್ಟಿಸುವ ಹೊರೆ ನಾಲ್ಕು ಟನ್ನಿಗಿಂತ ಸ್ವಲ್ಪ ಹೆಚ್ಚು. ಮಿಕ್ಕುದೆಲ್ಲವೂ ದಾರಿಯಲ್ಲಿಯೇ ಉರಿದೋ ಕಳಚಿಬಿದ್ದೋ ಹೋಗುವುದು. ೨೦೧೯ರಲ್ಲಿ ಚಂದ್ರಯಾನ-೨ನ್ನೂ ೨೦೨೩ರಲ್ಲಿ ಚಂದ್ರಯಾನ-೩ನ್ನೂ ಕೊಂಡೊಯ್ದುದು ಈ ವಾಹನವೇ. ಇವುಗಳಲ್ಲಿ ಮೊದಲನೆಯ ಯಾನಕ್ಕೆ ಯೋಜನಾ ನಿರ್ದೇಶಕರಾಗಿದ್ದವರು ಎಂ. ವನಿತಾ ಅವರೂ, ಯಾನದ ನಿರ್ದೇಶಕರಾಗಿದ್ದವರು ರಿತು ಕರಿಧಾಲ್ ಅವರೂ ಎಂಬುದನ್ನು ಹೆಣ್ಣುಮಕ್ಕಳ ಶಾಲೆಯ ಈ ಪುಟಗಳಲ್ಲಿ ಹೇಳದೆ ಬಿಡಲಾಗದು.

ಈ ವಾಹನದ ಮೇಲಣ ಹಂತದಲ್ಲಿ ಉರಿಯುವುದು ಜಲಜನಕ. ತೂಕಕ್ಕೆ ತೂಕ ನೋಡಿದರೆ ಇದರಷ್ಟು ನೂಕುಬಲವನ್ನು ಕೊಡುವ ಬಳಕೆಯ ಇಂಧನ ಬೇರೆ ಇಲ್ಲ. ಆದರೆ ಇದನ್ನು ದ್ರವರೂಪಕ್ಕೆ ತರಲು ಸೊನ್ನೆಗಿಂತ ೨೫೩ ಡಿಗ್ರಿ ಕೆಳಗೆ ತಣಿಸಬೇಕು. ಆಮ್ಲಜನಕಕ್ಕೆ ೧೮೩ ಡಿಗ್ರಿ ಕೆಳಗೆ ಸಾಕು. ಒಂದು ಲೀಟರು ನೀರು ೧೦೦೦ ಗ್ರಾಮು ತೂಗಿದರೆ ಅಷ್ಟೇ ಜಲಜನಕದ್ರವವು ಸುಮಾರು ೭೦ ಗ್ರಾಮು ತೂಗುವುದರಿಂದ ದೊಡ್ಡ ತೊಟ್ಟಿಯೂ ಬೇಕು. ತೊಟ್ಟಿಯ ಗೋಡೆಯನ್ನು ದಪ್ಪ ಮಾಡಿದರೆ ಭಾರ, ತೆಳುವು ಮಾಡಿದರೆ ಅದು ಹೆಚ್ಚಿನ ಒತ್ತಡವನ್ನು ತಾಳದು. ಇತ್ತ ಇಂಧನವು ಉರಿಯುವ ಕೋಣೆಯೊಳಗೆ ಸುತ್ತಣ ವಾಯುವಿನ ಒತ್ತಡದ ಸುಮಾರು ೬೦ ಪಟ್ಟು ಒತ್ತಡವಿರುತ್ತದೆ. ತೊಟ್ಟಿಯಿಂದ ಆ ಕೋಣೆಗೆ ದ್ರವವನ್ನು ತಳ್ಳತಕ್ಕದ್ದು ಪಂಪು. ನಮ್ಮ ಕಡೆಯ ರೈತರಿಗೆ ಇದು ಬೇಗನೆ ಅರ್ಥವಾದೀತು: ೨೦೦೦ ಅಡಿ ಆಳದ ಕೊಳವೆಬಾವಿಯಿಂದ ನೀರೆತ್ತಲು ಬೇಕಾಗುವಷ್ಟು ಒತ್ತಡವದು. ಆದರೆ ಈ ಪಂಪು ನಿಮಿಷಕ್ಕೆ ಹತ್ತಾರು ಸಾವಿರ ಸುತ್ತು ತಿರುಗಬೇಕು. ಅದರ ಒಂದು ಬದಿ ಕೊರೆಯುವ ಶೀತದಲ್ಲಿಯೂ ಮತ್ತೊಂದು ಬದಿ ಬಿಸಿಯಾದ ಅನಿಲದಲ್ಲಿಯೂ ಇರಬೇಕು. ಪಂಪು ಕೆಟ್ಟಿತೆಂದರೆ ಉಳಿದುದೆಲ್ಲವೂ ವ್ಯರ್ಥ.

ಈ ಶೀತಯಂತ್ರದ ವಿದ್ಯೆಯನ್ನು ಸೋವಿಯತ್ ಒಕ್ಕೂಟದಿಂದ ಪಡೆಯುವುದಕ್ಕೆ ೧೯೯೧ರಲ್ಲಿ ಭಾರತವು ಒಪ್ಪಂದ ಮಾಡಿಕೊಂಡಿತು. ಆಗ ಬೆಂಗಳೂರಿನ ಇಸ್ರೋ ಸಂಸ್ಥೆಯ ಅಧ್ಯಕ್ಷರಾಗಿದ್ದವರು ಉಡುಪಿಯ ಅದಮಾರಿನವರಾದ ಯು. ಆರ್. ರಾವ್. ಇದರಿಂದ ಯುದ್ಧಾಸ್ತ್ರಗಳು ಹುಟ್ಟುವುವೆಂದು ಅಮೆರಿಕವು ಆಕ್ಷೇಪಿಸಿ ೧೯೯೨ರಲ್ಲಿ ನಿರ್ಬಂಧವನ್ನು ಹೇರಿತು. ಇಂಧನ ತುಂಬಿ ತಣಿಸಲು ಗಂಟೆಗಟ್ಟಲೆ ಹಿಡಿಯುವ ಯಂತ್ರವು ಯುದ್ಧಕ್ಕೆ ಎಷ್ಟರ ಉಪಯೋಗವೆಂಬುದನ್ನು ಆಕ್ಷೇಪಿಸಿದವರೇ ಹೇಳಬೇಕು. ೧೯೯೩ರಲ್ಲಿ ರಷ್ಯವು ವಿದ್ಯೆಯನ್ನು ಕೊಡಲಾರೆನೆಂದು ಹಿಂಜರಿದು, ಸಿದ್ಧಪಡಿಸಿದ ಯಂತ್ರಗಳನ್ನು ಮಾತ್ರ ಕೊಡಲು ಒಪ್ಪಿತು. ನಮ್ಮವರು ತಾವೇ ಮಾಡಲು ತೊಡಗಿದರು. ೨೦೧೦ನೆಯ ಏಪ್ರಿಲ್ ೧೫ರಂದು ಮೊದಲ ಸ್ವದೇಶೀ ಶೀತಯಂತ್ರವು ಹಾರಿದಾಗ ಜಲಜನಕದ ಸಹಾಯಕ ಪಂಪು ತಿರುಗುತ್ತಿದ್ದಂತೆಯೇ ನಿಂತುಹೋಗಿ ಉಪಗ್ರಹವು ಸಮುದ್ರದ ಪಾಲಾಯಿತು. ೨೦೧೪ನೆಯ ಜನವರಿ ೫ರಂದು ಜಯವಾಯಿತು. ೨೦೧೭ನೆಯ ಜೂನ್ ೫ರಂದು ಎಲ್‌ವಿಎಂ-೩ಕ್ಕಾಗಿ ಮಾಡಿದ ಹಿರಿಯ ಯಂತ್ರವೂ ಆಕಾಶದಲ್ಲಿ ಉರಿಯಿತು.

ಇದು ನಮ್ಮೊಬ್ಬರದೇ ಪಾಡಲ್ಲ. ಹಣಕ್ಕೂ ಜನಕ್ಕೂ ಕೊರತೆಯಿಲ್ಲದ ಚೀನಾ ದೇಶದವರು ‘ಲಾಂಗ್ ಮಾರ್ಚ್-೫’ ಎಂಬ ಮಹಾರಾಕೆಟ್ಟನ್ನು ೨೦೧೬ರ ನವೆಂಬರಿನಲ್ಲಿ ಹಾರಿಸಿದರು. ಅದರ ಒಡಲು ಐದು ಮೀಟರು ಅಗಲ. ರೈಲುದಾರಿಯ ಸುರಂಗಗಳಲ್ಲಿ ತೂರದಾದುದರಿಂದ ಹೈನಾನ್ ದ್ವೀಪದ ಉಡ್ಡಯನಕೇಂದ್ರಕ್ಕೆ ಹಡಗಿನಲ್ಲಿ ಸಾಗಿಸುತ್ತಾರೆ. ೨೦೧೭ನೆಯ ಜುಲೈ ೨ರಂದು ಎರಡನೆಯ ಬಾರಿ ಹಾರಿಸಿದಾಗ ಆಮ್ಲಜನಕದ ಪಂಪನ್ನು ತಿರುಗಿಸುವ ಟರ್ಬೈನಿನ ಭಾಗದಲ್ಲಿ ದೋಷವುಂಟಾಗಿ ಯಂತ್ರದ ಬಲ ಉಡುಗಿತು. ದೋಷವನ್ನು ಕಂಡುಹಿಡಿದು ತಿದ್ದಿ ಮರಳಿ ಹಾರಿಸುವುದರೊಳಗೆ ೨೦೧೯ನೆಯ ಡಿಸೆಂಬರ್ ೨೭ ಆಗಿದ್ದಿತು. ಆ ಬಳಿಕ ಅವರ ಕೆಲಸವು ವೇಗದಿಂದ ನಡೆಯಿತು: ೨೦೨೦ರಲ್ಲಿ ಚಂದ್ರನ ಮಣ್ಣನ್ನು ತಂದ ನೌಕೆಯನ್ನೂ, ೨೦೨೧ರಲ್ಲಿ ೨೨ ಟನ್ನಿಗೂ ಮಿಕ್ಕ ತೂಕದ ಗಗನವಸತಿಯ ಮೊದಲ ಭಾಗವನ್ನೂ ಈ ಬಗೆಯ ರಾಕೆಟ್ಟುಗಳೇ ಒಯ್ದುವು. ಮನುಷ್ಯರನ್ನು ಚಂದ್ರನಿಗೆ ಕಳುಹಿಸಲು ಲಾಂಗ್ ಮಾರ್ಚ್-೧೦ ಎಂಬುದನ್ನು ಸಿದ್ಧಪಡಿಸುತ್ತಿದ್ದಾರೆ.

ಭಾರವನ್ನೆತ್ತಲಾರದ ದೇಶವು ಪರರಿಗೆ ಬಾಡಿಗೆ ತೆರಬೇಕು. ೫೮೫೪ ಕಿಲೋಗ್ರಾಮು ತೂಕದ ನಮ್ಮ ಜಿಸ್ಯಾಟ್-೧೧ನ್ನು ೨೦೧೮ರಲ್ಲಿ ಫ್ರೆಂಚ್ ಗಯಾನಾದಿಂದಲೂ, ೪೭೦೦ ಕಿಲೋಗ್ರಾಮಿನ ಜಿಸ್ಯಾಟ್-೨೦ನ್ನು ೨೦೨೪ರಲ್ಲಿ ಅಮೆರಿಕದಿಂದಲೂ ಹಾರಿಸಬೇಕಾಯಿತು. ೨೦೨೫ನೆಯ ನವೆಂಬರ್ ೨ರಂದು ೪೪೧೦ ಕಿಲೋಗ್ರಾಮಿನ ಉಪಗ್ರಹವನ್ನು ಎಲ್‌ವಿಎಂ-೩ ಶ್ರೀಹರಿಕೋಟದಿಂದಲೇ ಎತ್ತಿತು. ಮರುತಿಂಗಳು ಅಮೆರಿಕದ ಕಂಪೆನಿಯೊಂದರ ೬೧೦೦ ಕಿಲೋಗ್ರಾಮಿನ ಉಪಗ್ರಹವನ್ನೂ ಒಯ್ದಿತು. ಅದು ಸಮೀಪದ ಕಕ್ಷೆಗಾದುದರಿಂದ ಅಷ್ಟು ಭಾರವು ಸಾಧ್ಯವಾಯಿತು.

ಈ ಶೀತಯಂತ್ರಗಳನ್ನು ತಯಾರಿಸುವುದಕ್ಕೆಂದೇ ೨೦೮ ಕೋಟಿ ರೂಪಾಯಿಗಳ ವೆಚ್ಚದಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯು ಕಟ್ಟಿದ ಕಾರ್ಖಾನೆಯನ್ನು ೨೦೨೨ನೆಯ ಸೆಪ್ಟೆಂಬರ್ ೨೭ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ಉದ್ಘಾಟಿಸಿದರು. ಎರಡು ವರ್ಷಗಳ ತರುವಾಯ, ೨೦೨೪ರ ಸೆಪ್ಟೆಂಬರಿನಲ್ಲಿ, ಸಮೀಪದ ಕಕ್ಷೆಗೆ ೩೦ ಟನ್ನು ಒಯ್ಯಬಲ್ಲ ಹೊಸ ವಾಹನವೊಂದಕ್ಕೆ ಕೇಂದ್ರ ಸರ್ಕಾರವು ೮೨೪೦ ಕೋಟಿ ರೂಪಾಯಿಗಳನ್ನು ಮಂಜೂರು ಮಾಡಿತು. ಅದರ ಕೆಳಹಂತವನ್ನು ಕೆಡವದೆ ಇಳಿಸಿಕೊಂಡು ಮತ್ತೆ ಬಳಸಬೇಕೆಂಬುದು ಉದ್ದೇಶ. ಅಷ್ಟು ದೊಡ್ಡದನ್ನು ಹಾರಿಸಲು ಈಗಿನ ವೇದಿಕೆಗಳು ಸಾಲದಾದುದರಿಂದ ಶ್ರೀಹರಿಕೋಟದಲ್ಲಿ ಮೂರನೆಯ ಉಡ್ಡಯನವೇದಿಕೆಯನ್ನು ನಿರ್ಮಿಸಲು ೨೦೨೫ರ ಜನವರಿಯಲ್ಲಿ ಅನುಮತಿ ದೊರೆತಿದೆ.