ನಿಮಗಿದು ಗೊತ್ತೆ? ಸಕ್ಕರೆ ಅರಗಿಸಲೂ ಬೇಕು ಜೀವಸತ್ವ

ಬಿಳಿ ಸಕ್ಕರೆಯಲ್ಲಿ ಜೀವಸತ್ವವಿಲ್ಲ. ಖನಿಜಾಂಶವೂ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಅದನ್ನು ಶಕ್ತಿಯಾಗಿಸಲು ದೇಹಕ್ಕೆ ಬಿ1 ಜೀವಸತ್ವ ಬೇಕೇಬೇಕು. ಅದು ಬರುವುದು ನಮ್ಮ ಕುಚ್ಚಲಕ್ಕಿ, ಬೇಳೆಕಾಳುಗಳಿಂದ. ಸಿಹಿಯಲ್ಲೇ ಹೊಟ್ಟೆ ತುಂಬಿಸಿದರೆ ಖರ್ಚುಂಟು, ಜಮೆಯಿಲ್ಲ. ಒಮ್ಮೆಗೇ ಹೆಚ್ಚು ಸಕ್ಕರೆ ಸೇವಿಸಿದಾಗ ಮೂತ್ರದಲ್ಲಿ ಕ್ಯಾಲ್ಸಿಯಂ, ಮೆಗ್ನೀಶಿಯಂ ಕೂಡ ಹೆಚ್ಚಾಗಿ ಹೊರಹೋಗುತ್ತವೆ.

ಬಿಳಿ ಸಕ್ಕರೆಗೆ ಬದಲಿಯೂ ಉಂಟು. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ (ಸಿಪಿಸಿಆರ್‌ಐ) ತೆಂಗಿನ ಹೊಂಬಾಳೆಯ ರಸವನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಹುಳಿಯಾಗದಂತೆ ಇಳಿಸುವ ವಿಧಾನ ರೂಪಿಸಿದೆ. ಅದೇ ‘ಕಲ್ಪರಸ’. ಅದನ್ನು ಕಾಯಿಸಿ ಮಾಡುವ ಕಂದು ಸಕ್ಕರೆಯಲ್ಲಿ ಪೊಟ್ಯಾಶಿಯಂನಂಥ ಖನಿಜಗಳು ಉಳಿಯುತ್ತವೆ. ಹಾಗೆಂದು ಧಾರಾಳ ಬೇಡ, ಅದರಲ್ಲೂ ಹೆಚ್ಚಿನ ಪಾಲು ಸಕ್ಕರೆಯೇ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸೂಚಿಸಿದ ಹಿತಮಿತಿ, ಬೆಲ್ಲ, ಜೇನೂ ಸೇರಿ, ದಿನಕ್ಕೆ ಸುಮಾರು 25 ಗ್ರಾಂ: ಆರು ಟೀ ಚಮಚ.