‘ಸತ್ತ ಗಾಳಿ’ಯ ಎರಡು ಅರ್ಥಗಳು

ಪುಣೆ–ಸೊಲ್ಲಾಪುರ ರಸ್ತೆಯಲ್ಲಿ ಓಡಾಡುವ ನಮ್ಮ ವಾಚಕರಿಗೆ ಹಡಪಸರದ ‘ಆಕಾಶವಾಣಿ’ ನಿಲ್ದಾಣ ಚಿರಪರಿಚಿತ. ಪುಣೆ ಬಾನುಲಿ ಕೇಂದ್ರದ ಪ್ರಸಾರ ಯಂತ್ರವನ್ನು ಅಲ್ಲಿ ಸ್ಥಾಪಿಸಿದುದರಿಂದ ಆ ಹೆಸರು ಬಂದಿತು. 1935ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಆರಂಭಿಸಿದ ಕೇಂದ್ರವು ಧರಿಸಿದ್ದ ಹೆಸರೂ ಇದೇ ಎಂಬುದು ಕನ್ನಡಿಗರಿಗೆ ಅಭಿಮಾನದ ಸಂಗತಿ.

ಬಾನುಲಿಯವರು ಬಹುವಾಗಿ ಅಂಜುವ ಪದವೊಂದುಂಟು: ‘ಡೆಡ್ ಏರ್’, ಅರ್ಥಾತ್ ಸತ್ತ ಗಾಳಿ. ಪ್ರಸಾರದ ವೇಳೆಯಲ್ಲಿ ಮಾತೂ ಸಂಗೀತವೂ ಇಲ್ಲದೆ ಹೋಗುವ ಸ್ಥಿತಿಗೆ ಈ ಹೆಸರು. ಆದರೆ ಶಾಖವನ್ನು ತಡೆಯುವ ವಿದ್ಯೆ ಬಲ್ಲವರಿಗೆ ಇದೇ ಸತ್ತ ಗಾಳಿ ಪರಮ ಮಿತ್ರ.

ಅಲುಗದೆ ನಿಂತ ಗಾಳಿಯಲ್ಲಿ ಶಾಖವು ಬಹು ಮಂದವಾಗಿ ಸಾಗುತ್ತದೆ. ಗಾಜಿನಲ್ಲಿ ಅದರ 30 ಪಟ್ಟಿಗೂ ಮಿಗಿಲಾಗಿ ಹರಿಯುತ್ತದೆ. ಕಂಬಳಿಗೆ ಸ್ವಂತ ಶಾಖವಿಲ್ಲ. ಉಣ್ಣೆಯ ಎಳೆಗಳು ಗಾಳಿಯನ್ನು ಹಿಡಿದಿಡುವುದರಿಂದ ಮೈಯ ಶಾಖ ಮೈಯಲ್ಲಿಯೇ ಉಳಿಯುತ್ತದೆ. ಹೋಟೆಲಿನ ಬಿಸಿ ಇಡ್ಲಿಗೆ ದಪ್ಪ ಬಟ್ಟೆ ಹೊದಿಸುವುದೂ ಇದೇ ಕಾರಣಕ್ಕೆ. ಥರ್ಮೊಕೋಲಿನ ಗಾತ್ರದಲ್ಲಿ ನೂರಕ್ಕೆ ಸುಮಾರು 98 ಪಾಲು ಗಾಳಿಯೇ. ಆದರೆ ಗಾಳಿಗೆ ಓಡಾಡಲು ಎಡೆ ದೊರೆತರೆ, ಬಿಸಿಯಾದುದು ಮೇಲೇರಿ, ತಣ್ಣಗಾದುದು ಕೆಳಗಿಳಿದು, ಶಾಖವನ್ನು ಹೊತ್ತೊಯ್ಯುತ್ತದೆ. ಆದುದರಿಂದಲೇ ಜೋಡಿ ಗಾಜಿನ ಕಿಟಕಿಗಳಲ್ಲಿ ನಡುವಣ ಅಂತರವನ್ನು ಸಾಮಾನ್ಯವಾಗಿ 12ರಿಂದ 16 ಮಿಲಿಮೀಟರಿಗೆ ಮಿತಗೊಳಿಸುತ್ತಾರೆ.

ಬಾನುಲಿಯ ಮೌನಕ್ಕೂ ಒಂದು ಲಕ್ಷಣವುಂಟು. ಮಧ್ಯಮ ತರಂಗದ ಪ್ರಸಾರ ಯಂತ್ರವೇ ನಿಂತುಹೋದರೆ ರೇಡಿಯೋದಲ್ಲಿ ಗರಗರ ಸದ್ದು ಏರುತ್ತದೆ. ಯಂತ್ರ ನಡೆಯುತ್ತಿದ್ದು, ಸ್ಟುಡಿಯೋದಿಂದ ಧ್ವನಿ ಮಾತ್ರ ಬಾರದಿದ್ದರೆ, ಆ ಸದ್ದು ತಗ್ಗಿ ನಿಶ್ಶಬ್ದವಾಗುತ್ತದೆ. ಧ್ವನಿಯನ್ನು ಹೊರಬೇಕಾದ ವಾಹಕ ತರಂಗ ಆಗಲೂ ಮನೆಮನೆಗೆ ಬರುತ್ತಲೇ ಇರುತ್ತದೆ, ಬರಿಗೈಯಲ್ಲಿ. ಕೇಳುಗನು ತುಸು ಕಾದು, ಮುಳ್ಳನ್ನು ಬೇರೆ ಕೇಂದ್ರಕ್ಕೆ ತಿರುಗಿಸುತ್ತಾನೆ. 1930ರ ಏಪ್ರಿಲ್ 18ರಂದು ಲಂಡನ್ನಿನ ಬಿ.ಬಿ.ಸಿ.ಯವರು, ಅಂದು ಸುದ್ದಿಯಿಲ್ಲವೆಂಬುದನ್ನೇ ಸುದ್ದಿಯಾಗಿ ಸಾರಿ, ಉಳಿದ ಹೊತ್ತು ಪಿಯಾನೋ ನುಡಿಸಿದರು. ಹೇಳಲು ಏನೂ ಇಲ್ಲದಾಗಲೂ ಅವರು ಕೇಳುಗರನ್ನು ಮೌನಕ್ಕೆ ಒಪ್ಪಿಸಲಿಲ್ಲ.

ಎರಡು ಕಡೆಯೂ ಆಗುವುದು ಒಂದೇ: ಏನೂ ದಾಟುವುದಿಲ್ಲ. ಕಾಪಾಡಬೇಕಾದಲ್ಲಿ ಅದು ಗುಣ; ತಲುಪಿಸಬೇಕಾದಲ್ಲಿ ಅದು ಕೇಡು.

ಮರಾಠಿ ನೆಲದಲ್ಲಿ ಬಾಳುವೆ ಕಟ್ಟಿಕೊಂಡ ನಾವು ಈ ಭೇದವನ್ನು ಮನಗಾಣಬೇಕು. ಎಷ್ಟೋ ಮನೆಗಳಲ್ಲಿ ಕನ್ನಡವು ಗಂಡಹೆಂಡಿರ ನಡುವೆ ಬೆಚ್ಚಗಿದೆ. ಮಕ್ಕಳತ್ತ ತಿರುಗಿದೊಡನೆ ಮಾತು ಬದಲಾಗುತ್ತದೆ. ಕನ್ನಡದ ಮನೆಯೆಂಬ ಹೆಸರು ಉಳಿದಿದ್ದರೂ ಮಕ್ಕಳ ಕಿವಿಗೆ ಬೀಳುವುದು ಮೌನವೇ. ಮಕ್ಕಳು ಮರಾಠಿಯನ್ನು ಚೆನ್ನಾಗಿ ಕಲಿಯಲಿ. ಅನ್ನ ನೀಡಿದ ನಾಡಿನ ನುಡಿ ಅದು. ಆದರೆ ರಾತ್ರಿಯ ಊಟದ ಹೊತ್ತಿನಲ್ಲಾದರೂ ಅವರೊಡನೆ ಕನ್ನಡದಲ್ಲಿ ನಾಲ್ಕು ಮಾತು ನಡೆಯಲಿ.